ಜಮಖಾನದ ಅರ್ಥ

ಜಮಖಾನಕ್ಕೆ ಹೆಸರಾದ ನವಲಗುಂದ ನನ್ನ ತವರು ಎಂದ ಕೂಡಲೇ, ಗುಡಗೇರಿಯ ಈ ಮನೆಗೆ ಬಂದವರೆಲ್ಲ "ಹಂಗಾದ್ರ ಜಮಖಾನ ನೇಯಾಕ ಬರ್ತೈತಲ್ರಿ?" ಎನ್ನುತ್ತಾರೆ. ಇವತ್ತೂ ಬಂದವರಿಗೆ ಜಮಖಾನ ಬಿಚ್ಚಿ ಹಾಸುವಾಗ, ಬಣ್ಣದ ನೂಲಿನ ವಾಸನೆಯ ಜೊತೆಗೇ ಆ ಪ್ರಶ್ನೆಯೂ ಬಂತು. ಕೇಳಿ ಕೇಳಿ ಸಾಕಾಗಿಹೋಗಿದೆ.

ನವಲಗುಂದದಲ್ಲಿ ನಾನು ಐದನೆಯ ಇಯತ್ತೆಯಲ್ಲಿದ್ದಾಗಿನ ಮಾತು. ಮನೆಯ ಒಂದು ವಸ್ತುವಿನ ಹೆಸರು, ಅದರ ಅರ್ಥ, ಮೂಲ ಬರೆದು ತರಲು ಮಾಸ್ತರರು ಹೇಳಿದ್ದರು. ಅಪ್ಪನ ತಾಯಿ, ನನ್ನ ದಾದಿ, ಮಗ್ಗದ ಮುಂದೆ ಗೋಣಿಚೀಲದ ಮೇಲೆ ಕೂತು ನೇಯುತ್ತಿದ್ದಳು. ಪಕ್ಕದಲ್ಲಿ, ಮದುವೆಯಾಗಿ ಬಂದು ತಿಂಗಳೂ ಆಗದ ಚಾಚಿ, ಚಿಕ್ಕಪ್ಪನ ಹೆಂಡತಿ, ಎಳೆ ಎಣಿಸುವುದನ್ನು ಕಲಿಯುತ್ತಿದ್ದಳು.

"ದಾದಿ, ಜಮಖಾನ ಅಂದ್ರೇನು?"

"ಹಾಸಿ ಕೂಡೂದು."

"ಆ ಶಬ್ದ ಎಲ್ಲಿಂದ ಬಂತು?"

"ತಲಿ ತಿನ್ನಬ್ಯಾಡ."

ನಾಲ್ಕನೆಯ ಸಲ ಕೇಳಿದಾಗ ದಾದಿ ಕೈಯಲ್ಲಿದ್ದ, ಎಳೆ ಬಡಿದು ಕೂರಿಸುವ ಕಬ್ಬಿಣದ ಪಂಜಾ ಕುಕ್ಕಿಟ್ಟಳು. "ಜಾಮಾ ಅಂದ್ರ ಅರಿವಿ, ಖಾನಾ ಅಂದ್ರ ಮನಿ. ಫಾರ್ಸಿ ಮಾತು ಅಂತ ಹಿರ್ಯಾರು ಅಂತಿದ್ರು. ಬರಕೊ."

ಬರೆದುಕೊಂಡೆ. ಆಮೇಲೆ ಚಾಚಿಯ ಪಕ್ಕ ಕೂತು ಎಳೆಗೆ ಕೈಹಾಕಿದೆ. ದಾದಿ ನನ್ನ ಕೈ ಸರಿಸಿದಳು.

"ನಂಗೂ ಕಲಿಸು."

"ನೀ ಕಲ್ತ್ರ ನಾಳೆ ಇನ್ನೊಬ್ಬರ ಮನಿಗೆ ಒಯ್ತಿ. ಇದು ಸೊಸಿಗೆ ಕಲಿಸೂದು," ಎಂದಳು. "ನೀ ಮಾತಿನ ಅರ್ಥ ಕೇಳಿದಿ, ಕೊಟ್ಟೀನಿ. ಅದನ್ನ ತಗೊಂಡು ನಡಿ."