ಏಕವಚನ

ಕಂಪ್ಯೂಟರಿನಿಂದ ಬಂದ ಉದ್ದನೆಯ ಕಾಗದವನ್ನು ಪಂಚಾಕ್ಷರಿ ನಡುಮನೆಯಲ್ಲಿ ಹಾಸಿಕೊಂಡು ಕೂತಿದ್ದ. ಅವನು ಓದುತ್ತಿದ್ದ ಇಡೀ ಸಂಸ್ಥೆಗೆ ಇದ್ದದ್ದು ಒಂದೇ ಕಂಪ್ಯೂಟರು. ತಿಂಗಳುಗಟ್ಟಲೆ ಅದಕ್ಕೆ ಉಣಿಸುವ ಕಾರ್ಡುಗಳಿಗೆ ತೂತು ಹೊಡೆದು, ಸರದಿ ಕಾದು, ಬೈಸಿಕೊಂಡ ಮೇಲೆ ಅದು ಅವತ್ತು ಮೊದಲ ಸಲ ಕನ್ನಡದ ವಾಕ್ಯ ಕಟ್ಟಿತ್ತು. ಅಕ್ಷರ ಮಾತ್ರ ಇಂಗ್ಲಿಷಿನವು. ಖುಷಿ ತಡೆಯಲಾರದೆ ಅವನು ಅಡಿಗೆಮನೆಯ ಕಡೆ ತಿರುಗಿ, "ಚಿಕ್ಕಮ್ಮ, ಸ್ವಲ್ಪ ಬನ್ನಿ, ನಿಮಗೊಂದು ತಮಾಷೆ ತೋರಿಸ್ತೀನಿ" ಎಂದು ಕೂಗಿದ.

ಗಿರಿಜಾದೇವಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕೂತರು.

"ಯಾವ ಪದ ಕೊಟ್ರೂ ಅದಕ್ಕೆ ತಕ್ಕ ಕ್ರಿಯಾಪದ ತಾನೇ ಹಾಕುತ್ತೆ. ಒಂದೊಂದು ಪದಕ್ಕೂ ಗುಣಗಳನ್ನ ಅಂಟಿಸಿದೀನಿ. ಗಂಡೋ ಹೆಣ್ಣೋ ಅನ್ನೋದು ಪದದಿಂದ ವಾಕ್ಯಕ್ಕೆ ಹತ್ತುತ್ತೆ, ಅಲ್ಲಿಂದ ಕ್ರಿಯಾಪದಕ್ಕೆ ಇಳಿಯುತ್ತೆ. ಆಟ್ರಿಬ್ಯೂಟ್ ಗ್ರಾಮರ್ ಅಂತಾರೆ ಇದಕ್ಕೆ."

ಹೈಸ್ಕೂಲು ಮುಗಿಸಿದ್ದ ಅವರು ಅಕ್ಷರಗಳ ಮೇಲೆ ಬೆರಳಿಟ್ಟು ಕೂಡಿಸಿ ಓದಿದರು. "ಹಸು ಬಂದಿತು. ತಮ್ಮ ಬಂದನು. ಅವ್ವ ಬಂದಳು. ಚಿಕ್ಕಮ್ಮ ಬಂದರು." ಬೆರಳು ಅಲ್ಲೇ ನಿಂತಿತು. "ಅವ್ವನೂ ಹೆಂಗಸು, ಚಿಕ್ಕಮ್ಮನೂ ಹೆಂಗಸು. ನನಗ್ಯಾಕೆ ಬೇರೆ?"

"ಅದು ಗೌರವ, ಚಿಕ್ಕಮ್ಮ. ನಾನು ಒದ್ದಾಡಿದ್ದೇ ಅಲ್ಲಿ. ಗೌರವ ಅನ್ನೋದು ಪದದೊಳಗೆ ಇರಲ್ಲ. ಹೇಳೋರು ಯಾರು, ಅವರಿಗೆ ಇವರು ಏನಾಗಬೇಕು, ಅದನ್ನ ನೋಡ್ಕೊಂಡು ಮೇಲಿಂದ ಇಳಿಸಬೇಕು."

"ಇಲ್ಲಿ ಹೇಳೋರು ಯಾರು?"

"ಯಾರೂ ಇಲ್ಲ. ಸುಮ್ಮನೆ ಉದಾಹರಣೆಗೆ..." ಅವನು ತಡವರಿಸಿದ. "ನಾನೇ."

ಹೆತ್ತವ್ವ ತೀರಿಕೊಂಡ ಮೇಲೆ ಅಪ್ಪನ ಕೈಹಿಡಿದು ರಾಜಾಜಿನಗರದ ಈ ಮನೆಗೆ ಬಂದವರು ಗಿರಿಜಾದೇವಿ. ಜ್ವರದಲ್ಲಿ ಅವನ ಹಣೆಗೆ ಒದ್ದೆ ಬಟ್ಟೆ ಹಾಕಿ ಕೂತಿದ್ದವರು, ಅಪ್ಪ ಕೈಯೆತ್ತಿದರೆ ನಡುವೆ ಬಂದು ನಿಲ್ಲುತ್ತಿದ್ದವರು ಅವರೇ. ಆದರೂ ಪಂಚಾಕ್ಷರಿ ಒಂದು ದಿನವೂ ಅವರನ್ನು ಬಹುವಚನ ಬಿಟ್ಟು ಮಾತಾಡಿಸಿದವನಲ್ಲ. ನೆಂಟರಿಷ್ಟರೆಲ್ಲ ಅದನ್ನು ಅವನ ಒಳ್ಳೆಯ ನಡತೆ ಎಂದೇ ಹೊಗಳುತ್ತಿದ್ದರು.

"ಗೌರವಕ್ಕೇನೂ ಕಡಿಮೆ ಮಾಡಿಲ್ಲಪ್ಪ ನೀನು" ಎಂದು ಗಿರಿಜಾದೇವಿ ನಕ್ಕರು. "ಇಷ್ಟು ವರ್ಷ ಆಯ್ತು, ಇನ್ನೂ ನೆಂಟರ ಮನೇಲಿ ಇದ್ದ ಹಾಗೇ ಇದೀನಿ." ಅಷ್ಟು ಹೇಳಿ, ಅನ್ನ ಸೀದೀತು ಎನ್ನುತ್ತ ಎದ್ದು ಒಳಗೆ ಹೋದರು.

ಪಂಚಾಕ್ಷರಿ ಕಾಗದವನ್ನೇ ನೋಡುತ್ತ ಕೂತ. ಒಂದು ಕಾರ್ಡು ಬದಲಾಯಿಸಿದರೆ ಸಾಕು, ನಾಳೆಯೇ ಯಂತ್ರ ಬೇರೆ ಥರ ಅಚ್ಚು ಹಾಕುತ್ತದೆ. ಆದರೆ ಯಂತ್ರ ಹೇಳಿದರೆ ಯಾರಿಗೆ ಏನು ಬಂತು?

ಅಷ್ಟರಲ್ಲಿ ಪಕ್ಕದ ಮನೆಯ ಲಕ್ಷ್ಮಿದೇವಮ್ಮ ಬಟ್ಟಲು ಹಿಡಿದು ಬಾಗಿಲಿಗೆ ಬಂದರು. "ಹೆಪ್ಪಿಗೆ ಒಂಚೂರು ಮೊಸರು ಬೇಕಿತ್ತು ಕಣಪ್ಪ. ಚಿಕ್ಕಮ್ಮ ಇದಾರಾ?"

"ಇದಾ..." ಎಂದವನು ಮಾತು ತಿದ್ದಿಕೊಂಡ. "ಇದಾಳೆ. ಒಳಗೆ ಅಡಿಗೆ ಮಾಡ್ತಾ ಇದಾಳೆ." ದನಿ ಎತ್ತರಿಸಿ ಕರೆದ: "ಚಿಕ್ಕಮ್ಮಾ, ಬಾ ಇಲ್ಲಿ!"

ಲಕ್ಷ್ಮಿದೇವಮ್ಮ ಹುಬ್ಬೇರಿಸಿದರು. "ಇದೇನೋ, ಓದಿ ಓದಿ ದೊಡ್ಡೋರ ಮರ್ಯಾದೆನೇ ಮರ್ತುಬಿಟ್ಯಾ?"

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಆಮೇಲೆ ಗಿರಿಜಾದೇವಿ, ಕೈಯಲ್ಲಿದ್ದ ಸೌಟನ್ನು ಕೆಳಗಿಡುವುದನ್ನೂ ಮರೆತು, ಹೊರಗೆ ಬಂದಳು.