ಸೀಟಿನ ಕೆಳಗಿನ ವೈರು

ಹೆಂಡತಿಯ ತಿಥಿ ಮುಗಿದ ಮಾರನೇ ದಿನ ಚೌಡಪ್ಪ ಮೊಪೆಡ್ಡನ್ನು ತಳ್ಳಿಕೊಂಡೇ ಗ್ಯಾರೇಜಿಗೆ ಬಂದ.

“ರಿಪೇರಿ ಬೇಡ ಭಾಯ್. ಆವತ್ತು ಇದು ಯಾಕೆ ಸ್ಟಾರ್ಟ್ ಆಗ್ಲಿಲ್ಲ, ಅಷ್ಟು ಹೇಳಿ.”

ಮೆಕ್ಯಾನಿಕ್ ಮುನೀರ ಪ್ಲಗ್ ಬಿಚ್ಚಿ, ಇಂಜಿನ್ನಿಗೆ ತಾಗಿಸಿ ಹಿಡಿದು ಕಿಕ್ ಹೊಡೆದ. ಕಿಡಿ ಬರಲಿಲ್ಲ. ಹೊಸ ಪ್ಲಗ್ ಹಾಕಿದರೂ ಅಷ್ಟೇ.

“ಹಿಂದಿನ ಸಂಜೆ ಇದರಲ್ಲೇ ಮನೆಗೆ ಬಂದಿದ್ದೆ. ಸ್ವಲ್ಪ ಹಾಕಿದ್ದೆ, ಸುಳ್ಳು ಹೇಳಲ್ಲ. ಬೆಳಿಗ್ಗೆ ಅವಳಿಗೆ ಎದೆನೋವು ಬಂತು. ಕಿಕ್ ಹೊಡೆದೂ ಹೊಡೆದೂ ಕಾಲು ಸೋತುಹೋಯ್ತು.”

ಮುನೀರನ ಕೈ ನಿಂತಿತು. “ಅಕ್ಕ ಏನಾದ್ರೂ ಅಂದ್ರಾ?”

“ಮಾತೆಲ್ಲಿ ಬರ್ತಿತ್ತು? ಸೀಟಿನ ಕಡೆ ಕೈ ತೋರಿಸ್ತಾನೇ ಇದ್ಲು. ಬೇಗ ಕೂರಿಸು ಅಂತಿದ್ದಾಳೆ ಅಂದ್ಕೊಂಡು ಎತ್ತಿ ಕೂರಿಸಿದೆ. ಅಲ್ಲೇ ಒರಗಿಬಿಟ್ಲು.”

ಮುನೀರ ಸೀಟು ಎತ್ತಿದ. ಕಿಡಿ ಹುಟ್ಟಿಸುವ ಕಾಯಿಲ್‌ಗೆ ಹೋಗುವ ವೈರನ್ನು ಯಾರೋ ಕಳಚಿ, ತುದಿಗೆ ಹಳೇ ಸೀರೆಯ ಚೂರು ಸುತ್ತಿ ಗಂಟು ಹಾಕಿದ್ದರು. ಮುನೀರ ಬೆನ್ನು ಅಡ್ಡ ಮಾಡಿ ಗಂಟು ಬಿಚ್ಚಿ, ಬಟ್ಟೆಯನ್ನು ಜೇಬಿಗೆ ತುರುಕಿಕೊಂಡ.

“ಏನಾಗಿತ್ತು ಭಾಯ್?”

“ಕಾಯಿಲ್ ಸುಟ್ಟಿತ್ತಣ್ಣ.”

‘ಅಣ್ಣ ಕುಡಿದು ಬಂದ ರಾತ್ರಿ ಮತ್ತೆ ಗಾಡಿ ಹತ್ತದ ಹಾಗೆ ಈ ವೈರು ಕಳಚಿಡಕ್ಕ, ಬೆಳಿಗ್ಗೆ ಸಿಗಿಸಿದ್ರಾಯ್ತು’ ಎಂದು ಇದೇ ಸೀಟು ಎತ್ತಿ ಆಕೆಗೆ ತೋರಿಸಿಕೊಟ್ಟಿದ್ದವನು ಮುನೀರನೇ.