ರೇಡಿಯೊ ಹಿಂದಿನ ಗೋಡೆ

ಯುಗಾದಿ ಕಳೆದ ಮರುವಾರ ರೇಡಿಯೊ ಕೇಂದ್ರದ ನಳಿನಾಕ್ಷಿ ಮರದ ಸುತ್ತಿಗೆ ಹಿಡಿದು ನಮ್ಮ ಮನೆಗೆ ಬಂದಳು. ಹಾಸ್ಯ ಬರೆಯುವುದನ್ನು ಬಿಟ್ಟು ರೇಡಿಯೊ ನಿರೂಪಕರಾದ ಪಟ್ಟಾಭಿ ನಿಜಕ್ಕೂ ನಗಿಸುತ್ತಾರೆಯೇ ಎಂದು ಕೇಳುಗರ ಗೋಡೆಗಳನ್ನು ತಟ್ಟಿ ನೋಡಬೇಕಿತ್ತು. ನಕ್ಕ ನಗು ಗೋಡೆಗೆ ಅಂಟಿರುತ್ತದಲ್ಲ. ತಟ್ಟಿದರೆ ಒಂದೇ ಸಲ ಕೇಳಿಸಿ ಆರಿಹೋಗುತ್ತದೆ.

“ಹನ್ನೆರಡು ಮನೆ ತಟ್ಟಿದೆ ಅಮ್ಮಾ, ಎಲ್ಲೂ ಒಂದು ನಗೂ ಇಲ್ಲ. ಇಲ್ಲೂ ಸಿಗದಿದ್ರೆ ಅವರ ಕಾರ್ಯಕ್ರಮ ನಾಳೆಗೇ ಕೊನೆ.”

“ಹಬ್ಬಕ್ಕೆ ಎಲ್ಲರೂ ಸುಣ್ಣ ಹೊಡೆಸಿರ್ತಾರೆ ಕಣಮ್ಮಾ. ಸುಣ್ಣ ಬಿದ್ದ ಮೇಲೆ ನಗು ಎಲ್ಲಿ ಉಳಿಯುತ್ತೆ? ನಿಮ್ಮ ಸಾಹೇಬರಿಗೆ ಅಷ್ಟೂ ತಿಳೀಬೇಡ್ವಾ?”

ನಾನೂ ಸುಣ್ಣ ಹೊಡೆಸಿದ್ದೆ, ಪ್ರತಿ ವರ್ಷದಂತೆ ರೇಡಿಯೊ ಹಿಂದಿನ ಗೇಣುದ್ದ ಜಾಗವೊಂದನ್ನು ಬಿಟ್ಟು. ಒಂಬತ್ತು ವರ್ಷದ ಹಿಂದೆ ಪಟ್ಟಾಭಿಯವರ ಮೊದಲ ಕಾರ್ಯಕ್ರಮ ಕೇಳಿ ನಮ್ಮ ಯಜಮಾನರು ನಕ್ಕ ನಗು ಅಲ್ಲಿತ್ತು. ಅವರು ಹೋದ ಮೇಲೂ ಅದನ್ನು ತಟ್ಟಲು ನನಗೆ ಮನಸ್ಸಾಗಿರಲಿಲ್ಲ.

ನಾನು ಇದನ್ನು ಹೇಳಿದಾಗ ನಳಿನಾಕ್ಷಿ ಸುತ್ತಿಗೆಯನ್ನು ಮೆಲ್ಲಗೆ ಚೀಲಕ್ಕೆ ಹಾಕಿದಳು. “ಬೇಡ ಬಿಡಿ ಅಮ್ಮಾ. ನಿಮ್ಮ ಹತ್ರ ಇರೋದು ಅದೊಂದೇ.”

“ಆರು ತಿಂಗಳು ಹಾಸಿಗೆ ಹಿಡಿದಿದ್ದವರನ್ನ ನಗಿಸಿದ್ದು ಆ ಮನುಷ್ಯ. ತಟ್ಟು.”

ತಟ್ಟಿದಳು. ಮೊದಲು ಒಂದು ಕೆಮ್ಮು. ಆಮೇಲೆ, ಮದುವೆಮನೆಗಳಲ್ಲಿ ನನ್ನನ್ನು ನಾಚಿಸುತ್ತಿದ್ದ, ಮೂಗಿನಿಂದ ಗೊರ್ರೆನ್ನುವ ಅದೇ ನಗು. ಕೇಳಿ ನಳಿನಾಕ್ಷಿಗೂ ತಡೆಯಲಾಗಲಿಲ್ಲ, ಗಟ್ಟಿಯಾಗಿ ನಕ್ಕುಬಿಟ್ಟಳು.

ಗೋಡೆ ಸುಮ್ಮನಾಯಿತು. ಅವಳು ಫಾರಂನಲ್ಲಿ ‘ನಗಿಸುತ್ತಾರೆ’ ಎಂದು ಬರೆದು ತಲೆ ತಗ್ಗಿಸಿದಳು.

“ತಪ್ಪಾಯ್ತಮ್ಮಾ. ನಿಮ್ಮ ಯಜಮಾನರ ಜಾಗಕ್ಕೆ ನನ್ನ ನಗು ಅಂಟಿಬಿಡ್ತು.”

“ಅಂಟಲಿ ಬಿಡು” ಎಂದೆ. “ಒಬ್ಬರೇ ನಗೋದು ಅವರಿಗೆ ಯಾವತ್ತೂ ಹಿಡಿಸ್ತಿರಲಿಲ್ಲ.”